ಒತ್ತಿದ ಮಣ್ಣಿನ ಇಟ್ಟಿಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಒಂದು ಮಧ್ಯಾಹ್ನ ಕಳೆದವರಿಗೂ ಅವುಗಳ ಸುಖವೇನೆಂಬುದು ತಿಳಿದಿರುತ್ತದೆ. ಮೊಳದಷ್ಟು ದಪ್ಪವಾದ ಮಣ್ಣಿನ ಗೋಡೆ, ಜಂತಿಯ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ವೈಶಾಖದ ಬಿಸಿಲಿನಲ್ಲಿಯೂ ಒಳಗೆ ತಂಪು. ಆದರೆ ಇಂತಹ ಗೋಡೆಗೆ ನಿಂತ ನೀರೇ ಶತ್ರು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯವು ತುಂಬಿ ನೀರನ್ನು ಕೆಳಕ್ಕೆ ಬಿಡಬೇಕಾದಾಗ ಮಲಪ್ರಭೆಯು ಮುನವಳ್ಳಿ, ರಾಮದುರ್ಗಗಳೊಳಕ್ಕೆ ನುಗ್ಗಿತು. ತಳ ನೆನೆದ ಗೋಡೆಗಳು ತಮ್ಮ ಭಾರವನ್ನೇ ಹೊರಲಾರದೆ ಕುಸಿದವು. ಪೂರ್ತಿಯಾಗಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳನ್ನು ಕೊಡುವುದಾಗಿ ಸರ್ಕಾರವು ಸಾರಿತು. ಆ ಹಣದಲ್ಲಿ ಏನನ್ನು ಕಟ್ಟತಕ್ಕದ್ದು? ಮತ್ತೆ ಮಣ್ಣೆಂದರೆ ಭಯ. ಕಾಂಕ್ರೀಟೆಂದರೆ ವೆಚ್ಚ, ಮೇಲೆ ಸೆಕೆ.

ಮನೆಗಳನ್ನು ಯಂತ್ರದಿಂದ ತಯಾರಿಸಬೇಕೆಂಬ ಮಾತು ಹೊಸದಲ್ಲ. ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಆಟೊ ಕೋನಿಗ್ಸ್‌ಬರ್ಗರರು ಬಳಿಕ ದಿಲ್ಲಿಗೆ ಹೋಗಿ, ನಿರಾಶ್ರಿತರಿಗಾಗಿ ಗೋಡೆಯ ಹಲಗೆಗಳನ್ನೇ ಎರಕ ಹೊಯ್ಯುವ ಕಾರ್ಖಾನೆಯೊಂದರ ಸ್ಥಾಪನೆಯಲ್ಲಿ ತೊಡಗಿದರು. ಹಲಗೆಗಳು ಬಿರುಕು ಬಿಟ್ಟವು, ಯೋಜನೆ ವಿಫಲವಾಯಿತು. ಮನೆಯನ್ನು ಕಾರ್ಖಾನೆಗೆ ಒಯ್ಯುವುದಕ್ಕಿಂತ ಕಾರ್ಖಾನೆಯನ್ನೇ ಮನೆಯ ಅಂಗಳಕ್ಕೆ ತರುವುದು ಲೇಸೆಂದು ನನಗೆ ತೋರುತ್ತದೆ.

ಹಾಗೆ ತರಬಹುದಾದ ಯಂತ್ರವುಂಟು. 1950ರ ದಶಕದಲ್ಲಿ ಕೊಲಂಬಿಯಾ ದೇಶದಲ್ಲಿ ರಾವುಲ್ ರಾಮಿರೆಜ್ ಎಂಬವರು ಸನ್ನೆಗೋಲಿನಿಂದ ಮಣ್ಣನ್ನು ಅಚ್ಚಿನಲ್ಲಿ ಒತ್ತುವ ಕೈಯಂತ್ರವನ್ನು ರಚಿಸಿದರು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದವರು, ಕೆ. ಎಸ್. ಜಗದೀಶರೇ ಮೊದಲಾದವರು, ಈ ವಿದ್ಯೆಯನ್ನು ನಮ್ಮ ಮಣ್ಣಿಗೆ ಹೊಂದಿಸಿದರು. ಜರಡಿ ಹಿಡಿದ ಮಣ್ಣಿಗೆ ತೂಕದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಸ್ವಲ್ಪವೇ ನೀರು ಚಿಮುಕಿಸಿ, ಅಚ್ಚಿಗೆ ತುಂಬಿ ಸನ್ನೆಯನ್ನು ಎಳೆದರೆ ಸುಮಾರು ಎಂಟು ಕಿಲೋ ತೂಗುವ ಇಟ್ಟಿಗೆ ಹೊರಬರುತ್ತದೆ. ಅದನ್ನು ಸುಡುವುದಿಲ್ಲ, ನೆರಳಿನಲ್ಲಿ ಮೂರು ನಾಲ್ಕು ವಾರ ನೀರುಣಿಸುತ್ತಾರೆ. ಸುಡದೆ ಇರುವುದರಿಂದಲೇ, ಈ ಗೋಡೆಗೆ ತಗಲುವ ಶಕ್ತಿಯು ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವುದರ ಸುಮಾರು ಕಾಲುಭಾಗವೆಂದು ಅಲ್ಲಿಯ ವಿದ್ವಾಂಸರು ಲೆಕ್ಕ ಹಾಕಿದ್ದಾರೆ.

ಆದರೆ ಎಲ್ಲ ಮಣ್ಣೂ ಇದಕ್ಕೆ ಒಗ್ಗದು. ಮರಳು ನೂರಕ್ಕೆ ಅರುವತ್ತೈದರಷ್ಟು, ಜೇಡಿಯು ಹತ್ತು ಹದಿನೈದರಷ್ಟು ಇದ್ದರೆ ಉತ್ತಮ. ಕಿತ್ತೂರಿನ ಕಡೆಯ ಕೆಂಪು ಮಸಾರಿಯನ್ನು ಮರಳು ಕೂಡಿಸಿ ಹದಗೊಳಿಸಬಹುದು. ಬೈಲಹೊಂಗಲ, ಸವದತ್ತಿಗಳ ಬಯಲಿನ ಎರೆಮಣ್ಣಾದರೋ ನೀರುಂಡು ಉಬ್ಬಿ, ಒಣಗಿ ಬಿರಿಯುವಂಥದು. ಸಿಮೆಂಟೊಂದೇ ಅದನ್ನು ಕಟ್ಟಿಹಾಕಲಾರದು. ಸುಣ್ಣವು ಜೇಡಿಯೊಡನೆ ಕೂಡಿ ಆ ಗುಣವನ್ನು ತಗ್ಗಿಸುತ್ತದೆ, ಮರಳನ್ನೂ ಧಾರಾಳವಾಗಿ ಬೆರೆಸಬೇಕಾಗುತ್ತದೆ. ಹತ್ತಿರದಲ್ಲಿ ಗರಸು ಅಥವಾ ಮಸಾರಿ ದೊರೆಯುವುದಾದರೆ ಎರೆಯ ಗೊಡವೆಗೆ ಹೋಗದಿರುವುದೇ ಜಾಣತನ.

ಪರೀಕ್ಷೆ ಸುಲಭ. ಗಾಜಿನ ಸೀಸೆಯಲ್ಲಿ ಮೂರರಲ್ಲೊಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಇಡಿರಿ. ಮರಳು ಮೊದಲು ತಳ ಸೇರುತ್ತದೆ, ಅದರ ಮೇಲೆ ನುಣ್ಣನೆಯ ಹುಡಿ, ಎಲ್ಲಕ್ಕೂ ಕೊನೆಗೆ ಜೇಡಿ. ಮರುದಿನ ಪದರಗಳನ್ನು ಅಳೆದರೆ ಪ್ರಮಾಣವು ಸ್ಥೂಲವಾಗಿ ತಿಳಿಯುತ್ತದೆ.

ಇನ್ನೊಂದು ಮಾತು. ನೆನೆದಾಗ ಈ ಇಟ್ಟಿಗೆಯ ಬಲವೂ ಅರ್ಧದಷ್ಟು ಕುಗ್ಗುವುದುಂಟು. ಆದರೆ ಹಸಿಮಣ್ಣಿನಂತೆ ಕರಗಿಹೋಗುವುದಿಲ್ಲ, ಎರಡಕ್ಕೂ ಇರುವ ಅಂತರ ಅದೇ. ತಳಪಾಯವನ್ನು ಊರ ಗುಡ್ಡದ ಕಲ್ಲಿನಿಂದ ಎತ್ತರವಾಗಿ ಕಟ್ಟಿಸಬೇಕು, ಮಾಳಿಗೆಯ ಅಂಚನ್ನು ಗೋಡೆಯಿಂದಾಚೆಗೆ ಚಾಚಿಸಬೇಕು. ಹೊಳೆಯ ಪಾತ್ರದೊಳಗೇ ಕಟ್ಟಿದ ಮನೆಯನ್ನು ಯಾವ ಇಟ್ಟಿಗೆಯೂ ಕಾಯದು.

ಗವಂಡಿಗಳು ಮೊದಮೊದಲು ಒಪ್ಪುವುದಿಲ್ಲ; ಸುಡದ ಇಟ್ಟಿಗೆಯೆಂದರೆ ಅವರಿಗೆ ಅಪನಂಬಿಕೆ, ಅದು ಸಹಜವೂ ಹೌದು. ಅವರೊಡನೆ ವಾದಿಸಬೇಡಿರಿ. ಹದವಾಗಿ ನೀರುಂಡ ಒಂದು ಇಟ್ಟಿಗೆಯನ್ನು ಅವರೆದುರಿಗೇ ಬಾನಿಯ ನೀರಿನಲ್ಲಿ ಮುಳುಗಿಸಿ, ಮರುದಿನ ಹೊರತೆಗೆದು ಮೊಳೆಯಿಂದ ಗೀರಿಸಿರಿ. ಪುಡಿ ಉದುರಿದರೆ ಆ ಮಿಶ್ರಣವನ್ನು ಬಿಟ್ಟು, ಸಿಮೆಂಟನ್ನೋ ಮರಳನ್ನೋ ಹೆಚ್ಚಿಸಿ ಇನ್ನೊಮ್ಮೆ ಒತ್ತಿಸಿರಿ.