ಸಂದೇಶ ಹೋಯಿತು, ತಲುಪಿತೇ?

ಮಹಿಳಾ ಸಂಘದ ಸಭೆಯೊಂದನ್ನು ನಾವು ಚಾಮರಾಜನಗರದಲ್ಲಿ ಕರೆದಿದ್ದೆವು. ಹಿಂದಿನ ರಾತ್ರಿ ಅದನ್ನು ಮುಂದೂಡಬೇಕಾಗಿ ಬಂದಾಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ಸಾಲು ಬರೆದು ನೆಮ್ಮದಿಯಿಂದ ಮಲಗಿದೆವು. ಬೆಳಿಗ್ಗೆ ನೋಡಿದರೆ ಗುಂಡ್ಲುಪೇಟೆಯಿಂದಾಚೆ ಕಾಡಂಚಿನ ಗ್ರಾಮದ ತಾಯಿಯೊಬ್ಬರು ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಹತ್ತಿಳಿದು ಬಂದು, ಬೀಗ ಹಾಕಿದ ಬಾಗಿಲ ಮುಂದೆ ಕುಳಿತಿದ್ದರು. “ಮಗನ ಫೋನಿಗೆ ಬಂದಿತ್ತೇನೋ ಸ್ವಾಮಿ, ಅವನು ಶುಂಠಿ ಕೆಲ್ಸಕ್ಕೆ ಕೇರಳಕ್ಕೆ ಹೋಗವ್ನೆ” ಎಂದರು. ಅವರ ಮಾತಿನಲ್ಲಿ ದೂರಿರಲಿಲ್ಲ; ಅದೇ ನಮ್ಮನ್ನು ಹೆಚ್ಚು ನಾಚಿಸಿತು.

ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಸಂಪರ್ಕ ಮಾಧ್ಯಮಗಳ ಕುರಿತೇ ಪ್ರತ್ಯೇಕ ಆದೇಶಪತ್ರ ಹೊರಡಿಸಿತು. 1967ರಿಂದ ಧರ್ಮಸಭೆ ವಿಶ್ವ ಸಂಪರ್ಕ ಮಾಧ್ಯಮ ದಿನವನ್ನು ಆಚರಿಸುತ್ತ ಬಂದಿದೆ. ಜಾಲತಾಣದಲ್ಲಿ ಕೂಡಿದ ಗುಂಪು ತಾನಾಗಿಯೇ ಸಮುದಾಯವಾಗಿಬಿಡುವುದಿಲ್ಲ ಎಂದು ಜಗದ್ಗುರು ಫ್ರಾನ್ಸಿಸರು 2019ರ ಸಂದೇಶದಲ್ಲಿ ಎಚ್ಚರಿಸಿದ್ದರು. ಆ ಮಾತಿನ ಅರ್ಥ ನಮಗೆ ಹೊಳೆದದ್ದು ಆ ಬೀಗದ ಬಾಗಿಲ ಮುಂದೆ.

ಓದಲು ಬಾರದವರನ್ನು, ಸ್ವಂತ ಫೋನಿಲ್ಲದವರನ್ನು ಒಳಗೊಳ್ಳುವ ದಾರಿಯನ್ನು ನಮ್ಮ ನಾಡಿನಲ್ಲೇ ಕೆಲವರು ಬಹು ಹಿಂದೆ ಹುಡುಕಿದ್ದರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ 2001ರಲ್ಲಿ ‘ನಮ್ಮ ಧ್ವನಿ’ ಎಂಬ ಧ್ವನಿಮುದ್ರಣ ಕೇಂದ್ರವನ್ನು ತೆರೆದವು. ಗ್ರಾಮಸ್ಥರೇ ಮಾತನಾಡಿ ಮುದ್ರಿಸಿದ ಕ್ಯಾಸೆಟ್ಟುಗಳನ್ನು ಮಹಿಳಾ ಸಂಘಗಳ ಸಭೆಗಳಲ್ಲಿ ಕೇಳಿಸುತ್ತಿದ್ದರು. ಸೇವಾಸಂಸ್ಥೆಗಳು ಬಾನುಲಿ ಕೇಂದ್ರ ನಡೆಸಲು ಆಗ ಅನುಮತಿ ಇರಲಿಲ್ಲ. ಅದು ದೊರೆತದ್ದು 2006ರ ನವೆಂಬರಿನಲ್ಲಿ. ಅನುಮತಿ ಬರಲೆಂದು ಅವರು ಕೈಕಟ್ಟಿ ಕುಳಿತಿರಲಿಲ್ಲ. 2003ರ ಹೊತ್ತಿಗೆ ಕೇಬಲ್ ತಂತಿ ಎಳೆದು ಮನೆಮನೆಗೆ ಧ್ವನಿ ಮುಟ್ಟಿಸಿದರು. ತನ್ನ ಹಳ್ಳಿಯ ಹೆಂಗಸಿನ ಸ್ವರವನ್ನು ಪೆಟ್ಟಿಗೆಯೊಳಗಿಂದ ಕೇಳಿದಾಗ ಇನ್ನೊಬ್ಬಳಿಗೂ ಬಾಯಿ ಬರುತ್ತದೆ. ಇದು ನೋಟೀಸು ಹಂಚುವುದಕ್ಕಿಂತ ಬೇರೆಯೇ ಕೆಲಸ.

ನಮ್ಮ ನೆರೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಲ್ಲಿ ‘ಜನಧ್ವನಿ’ ಸಮುದಾಯ ಬಾನುಲಿಯನ್ನು ಆರಂಭಿಸಿತು. ಮಂಗಳೂರಿನಲ್ಲಿ ಯೇಸುಸಭೆಯವರ ಸಂತ ಅಲೋಶಿಯಸ್ ಕಾಲೇಜು 2009ರಲ್ಲೇ ‘ರೇಡಿಯೊ ಸಾರಂಗ್’ ತೆರೆದಿತ್ತು. ಆದರೆ ಇಂತಹ ಕೇಂದ್ರದ ಧ್ವನಿ ಹತ್ತು ಹದಿನೈದು ಕಿ.ಮೀ. ದಾಟುವುದು ಕಷ್ಟ. ಖರ್ಚೂ ಪರವಾನಗಿಯ ಓಡಾಟವೂ ಸಣ್ಣ ಸಂಘಗಳ ಅಳವಿಗೆ ಮೀರಿದವು. ನಮ್ಮ ಧರ್ಮಕೇಂದ್ರಗಳು ಅದರ ಕನಸು ಕಾಣುವ ಮೊದಲು ಕೈಯಲ್ಲಿರುವುದನ್ನು ಸರಿಯಾಗಿ ಬಳಸಲಿ ಎಂಬುದು ನಮ್ಮ ಅಭಿಪ್ರಾಯ.

ಛತ್ತೀಸಗಢದಲ್ಲಿ ಪತ್ರಕರ್ತ ಶುಭ್ರಾಂಶು ಚೌಧರಿಯವರು 2010ರಲ್ಲಿ ಆರಂಭಿಸಿದ ‘ಸಿಜಿನೆಟ್ ಸ್ವರ’ಕ್ಕೆ ಬಾನುಲಿ ಗೋಪುರವೂ ಬೇಕಿರಲಿಲ್ಲ, ದುಬಾರಿ ಫೋನೂ ಬೇಕಿರಲಿಲ್ಲ. ಗೊತ್ತುಪಡಿಸಿದ ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ ಯಂತ್ರವೇ ಮರಳಿ ಕರೆ ಮಾಡುತ್ತಿತ್ತು. ಒಂದು ಗುಂಡಿ ಒತ್ತಿದರೆ ತಮ್ಮ ಮಾತನ್ನು ಮುದ್ರಿಸಬಹುದಿತ್ತು, ಇನ್ನೊಂದನ್ನು ಒತ್ತಿದರೆ ಇತರರ ಮಾತು ಕೇಳಬಹುದಿತ್ತು. ಗೊಂಡಿ ಭಾಷೆಯ ಆದಿವಾಸಿಗಳು ತಮ್ಮ ನುಡಿಯಲ್ಲೇ ದೂರು ಹೇಳಿಕೊಂಡರು, ಹಾಡಿದರು. ಸೋಲಿಗರ ಪೋಡುಗಳಿಗೂ ಕುರುಬರ ಹಾಡಿಗಳಿಗೂ ಇದು ಹೊಂದದೆ?

ವಾಟ್ಸ್‌ಆ್ಯಪನ್ನು ನಾವು ಬಿಟ್ಟಿಲ್ಲ. ಆದರೆ ಗುಲಾಬಿ ಹೂವಿನ ಶುಭೋದಯಗಳ ನಡುವೆ ಸಾವಿನ ಸುದ್ದಿಯೂ ರಕ್ತದಾನದ ಕೋರಿಕೆಯೂ ಮುಳುಗಿಹೋಗುವುದನ್ನು ಎಷ್ಟು ಸಲ ಕಂಡಿಲ್ಲ! ಆದ್ದರಿಂದ ಪ್ರಕಟಣೆಗೆಂದೇ ಬೇರೆ ಗುಂಪು ಮಾಡಿ, ಬರೆಯುವ ಬದಲು ಬಾಯಲ್ಲಿ ಹೇಳಿ ಕಳುಹಿಸುತ್ತಿದ್ದೇವೆ. ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ಕಳುಹಿಸುವವರು ಒಂದನ್ನು ನೆನಪಿಡಬೇಕು: ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಳ್ಳದವರಿಗೆ ಅದು ತಲುಪುವುದೇ ಇಲ್ಲ.

ಸಂಘದ ವಹಿಯಲ್ಲಿ ಈಗ ಹೊಸದೊಂದು ಕಲಮು ಸೇರಿದೆ: ಫೋನು ಯಾರದು, ಮನೆಯಲ್ಲಿ ಅದು ಯಾವಾಗ ಇರುತ್ತದೆ, ಇಲ್ಲದಿದ್ದರೆ ಯಾರ ಮೂಲಕ ಹೇಳಿಸಬೇಕು. ಆ ತಾಯಿಯ ಹೆಸರಿನ ಮುಂದೆ ಪಕ್ಕದ ಮನೆಯ ಹುಡುಗಿಯ ಸಂಖ್ಯೆ ಇದೆ. ಸಂಜೆ ಆರರ ನಂತರ ಕರೆಯಬೇಕೆಂದೂ ಬರೆದುಕೊಂಡಿದ್ದೇವೆ.