ಮನೆಯ ಕಾರುಬಾರು ಬಾಡಿಗೆ ಸರ್ವರ್‌ಗೆ ಒಪ್ಪಿಸಬಹುದೇ?

ದೀಪ, ಗೀಸರ್, ಸಂಪಿನ ಮೋಟರು, ಗೇಟಿನ ಕ್ಯಾಮೆರಾ ಯಾವ ಕಂಪನಿಯದೇ ಆಗಿರಲಿ, ಎಲ್ಲವನ್ನೂ ಒಂದೇ ಪರದೆಗೆ ತರುವ ಮುಕ್ತ ತಂತ್ರಾಂಶ ಹೋಮ್ ಅಸಿಸ್ಟೆಂಟ್. ಪೌಲಸ್ ಸ್ಖೌಟ್ಸೆನ್ 2013ರಲ್ಲಿ ಶುರುಮಾಡಿದ್ದು. ಮನೆಯ ಮೂಲೆಯಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇಟ್ಟು ಅದನ್ನು ನಡೆಸುವುದು ವಾಡಿಕೆ. ಆದರೆ ಮುಂಬೈನಲ್ಲೋ ಹೈದರಾಬಾದಿನಲ್ಲೋ ಸರ್ವರ್ ಬಾಡಿಗೆಗೆ ಸಿಗುವಾಗ ಮನೆಯಲ್ಲೇಕೆ ರಗಳೆ ಅನ್ನುವವರು ಹೆಚ್ಚುತ್ತಿದ್ದಾರೆ. ಅವರ ಲೆಕ್ಕ ಹಲವು ಕಡೆ ತಪ್ಪುತ್ತದೆ.

ಕಲ್ಪನೆ: ಕ್ಲೌಡ್‌ಗೆ, ಅಂದರೆ ಬಾಡಿಗೆ ಸರ್ವರ್‌ಗೆ ಹಾಕಿದರೆ ಮನೆಯಲ್ಲಿ ಯಾವ ಪೆಟ್ಟಿಗೆಯೂ ಬೇಡ.

ಸತ್ಯ: ಬೇಕು. ಜಿಗ್‌ಬೀ ಎಂಬ ನಿಸ್ತಂತು ಪದ್ಧತಿಯ ಬಲ್ಬು, ಬಾಗಿಲ ಸೆನ್ಸರುಗಳು ಮಾತಾಡುವುದು 2.4 ಗಿಗಾಹರ್ಟ್ಸ್ ರೇಡಿಯೋ ಅಲೆಗಳಲ್ಲಿ, ಅದೂ ಕೆಲವೇ ಕೋಣೆಗಳಷ್ಟು ದೂರಕ್ಕೆ. ಅದನ್ನು ಕೇಳಿಸಿಕೊಳ್ಳುವ ಡಾಂಗಲ್ ಮನೆಯೊಳಗೇ ಇರಬೇಕು. ಟಿವಿ, ಸ್ಪೀಕರುಗಳು ತಾವಿರುವುದನ್ನು ಸಾರುವ ಎಂಡಿಎನ್‌ಎಸ್ ಸಂದೇಶಗಳು ಹೋಗುವುದು 224.0.0.251 ಎಂಬ ವಿಳಾಸಕ್ಕೆ. ಅವನ್ನು ರೌಟರು ಹೊರಗೆ ಬಿಡುವುದಿಲ್ಲ. ಮುಂಬೈ ಸರ್ವರ್‌ನ ಕಣ್ಣಿಗೆ ನಿಮ್ಮ ಮನೆ ಖಾಲಿ ಸೈಟು. ಸುತ್ತುದಾರಿ ಇದೆ, ನಿಜ: ಮನೆಯಲ್ಲೊಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು, ಡಾಂಗಲ್ ಸಿಕ್ಕಿಸಿ, ಸಂದೇಶಗಳನ್ನು ಕ್ಲೌಡ್‌ಗೆ ರವಾನಿಸಬಹುದು. ಪೈ ಮನೆಗೆ ಬಂದಮೇಲೆ ಹೋಮ್ ಅಸಿಸ್ಟೆಂಟನ್ನೇ ಅದರಲ್ಲಿ ಓಡಿಸಬಹುದಲ್ಲ!

ಕಲ್ಪನೆ: ಮನೆಯಲ್ಲಿ ಕರೆಂಟ್ ಹೋದರೂ ಕ್ಲೌಡ್ ನಿಲ್ಲುವುದಿಲ್ಲ, ಹಾಗಾಗಿ ಅದೇ ಭದ್ರ.

ಸತ್ಯ: ನಿಲ್ಲುವುದಿಲ್ಲ, ಆದರೆ ಮನೆಗೆ ಇಂಟರ್ನೆಟ್ ತಪ್ಪಿದರೆ ಉಪಯೋಗಕ್ಕೂ ಬರುವುದಿಲ್ಲ. ಮೇಲಿನ ಟ್ಯಾಂಕ್ ತುಂಬಿದರೆ ಮೋಟರು ನಿಲ್ಲಿಸು ಎಂಬ ನಿಯಮ ಮುಂಬೈನಲ್ಲಿದೆ ಎಂದಿಟ್ಟುಕೊಳ್ಳಿ. ಮೋಟರು ಓಡುತ್ತಿರುವಾಗಲೇ ರಸ್ತೆ ಅಗೆಯುವವರು ಫೈಬರ್ ಕೇಬಲ್ ಕತ್ತರಿಸಿದರು. ಟ್ಯಾಂಕ್ ತುಂಬಿದ ಸುದ್ದಿ ಹೊರಗೆ ಹೋಗದು, ಆಜ್ಞೆ ಒಳಗೆ ಬಾರದು; ನೀರು ಪಕ್ಕದವರ ಅಂಗಳಕ್ಕೆ. ಅದೇ ನಿಯಮ ಮನೆಯ ಕಂಪ್ಯೂಟರಿನಲ್ಲಿದ್ದು, ಅದೂ ರೌಟರೂ ಯುಪಿಎಸ್ ಲೈನಿನಲ್ಲಿದ್ದರೆ ಇಂಟರ್ನೆಟ್ ಇದ್ದರೆಷ್ಟು, ಬಿಟ್ಟರೆಷ್ಟು. (ಮೋಟರಿನ ವಿಷಯದಲ್ಲಿ ಇದನ್ನೂ ಪೂರ್ತಿ ನಂಬಬೇಡಿ. ಯಾವ ಸಾಫ್ಟ್‌ವೇರನ್ನೂ ಕೇಳದೆ ಮೋಟರು ನಿಲ್ಲಿಸುವ ಫ್ಲೋಟ್ ಸ್ವಿಚ್ ಒಂದು ಇರಲೇಬೇಕು.)

ಕ್ಲೌಡ್ ಕೂಡ ಬೀಳುತ್ತದೆ. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ವರ್ಜೀನಿಯಾ ಕೇಂದ್ರಗಳು ಕೈಕೊಟ್ಟಾಗ ಏಯ್ಟ್ ಸ್ಲೀಪ್ ಕಂಪನಿಯ ದುಬಾರಿ ಹಾಸಿಗೆಗಳ ಬಿಸಿ, ತಂಪು ಮಾಲೀಕರ ಮಾತು ಕೇಳಲಿಲ್ಲ. ಇಂಟರ್ನೆಟ್ ಇಲ್ಲದಾಗ ಬ್ಲೂಟೂತ್ ಮೂಲಕ ನಡೆಸುವ ವ್ಯವಸ್ಥೆಯನ್ನು ಕಂಪನಿ ಆಮೇಲೆ ತಂದಿತು. ಮಲಗುವ ಮಂಚಕ್ಕೆ ವರ್ಜೀನಿಯಾದ ಅಪ್ಪಣೆ ಯಾಕೆ ಬೇಕಿತ್ತೋ!

ಕಲ್ಪನೆ: ಸರ್ವರ್ ದೂರವಿದ್ದರೆ ದೀಪ ಹೊತ್ತುವುದು ತಡ.

ಸತ್ಯ: ಬೆಂಗಳೂರಿನಿಂದ ಮುಂಬೈಗೆ ಸಂದೇಶ ಹೋಗಿಬರಲು ಸಾಮಾನ್ಯವಾಗಿ ಹತ್ತಾರು ಮಿಲಿಸೆಕೆಂಡು ಸಾಕು. ಕ್ಲೌಡ್ ವಿರೋಧಿಗಳು ಈ ವಾದ ಕೈಬಿಡುವುದು ಒಳ್ಳೆಯದು.

ಕಲ್ಪನೆ: 'ಹೋಮ್ ಅಸಿಸ್ಟೆಂಟ್ ಕ್ಲೌಡ್' ಎಂಬ ಸೇವೆಯೇ ಇದೆಯಲ್ಲ.

ಸತ್ಯ: ಇದೆ, ನಡೆಸುವುದು 2018ರಲ್ಲಿ ಹುಟ್ಟಿದ ನಬು ಕಾಸಾ ಕಂಪನಿ. ಆದರೆ ಅಲ್ಲಿ ನಿಮ್ಮ ಹೋಮ್ ಅಸಿಸ್ಟೆಂಟ್ ಓಡುವುದಿಲ್ಲ. ಮನೆಯಲ್ಲಿರುವುದಕ್ಕೆ ಹೊರಗಿನಿಂದ ದಾರಿ ಮಾಡಿಕೊಡುವುದು, ಅಲೆಕ್ಸಾ, ಗೂಗಲ್ ಜೊತೆ ಬೆಸೆಯುವುದು ಅದರ ಮುಖ್ಯ ಕೆಲಸ.

ಕಲ್ಪನೆ: ಊರಾಚೆಯಿಂದ ಮನೆ ನೋಡಲು ಎಲ್ಲವೂ ಕ್ಲೌಡ್‌ನಲ್ಲೇ ಇರಬೇಕು.

ಸತ್ಯ: ಈ ನಂಬಿಕೆಗೆ ಕಾರಣವಿದೆ. ನಮ್ಮಲ್ಲಿ ಅನೇಕ ಇಂಟರ್ನೆಟ್ ಕಂಪನಿಗಳು ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ಹಾಗಾಗಿ ರೌಟರಿನಲ್ಲಿ ಪೋರ್ಟ್ ತೆರೆದರೂ ಹೊರಗಿನಿಂದ ಬರುವ ಕರೆ ಒಳಗೆ ತಲುಪದು. ಬಾಡಿಗೆ ಸರ್ವರ್ ನಿಜವಾಗಿ ಉಪಕಾರಕ್ಕೆ ಬರುವುದು ಇಲ್ಲಿ, ಅದೂ ಬಾಗಿಲಾಗಿ ಮಾತ್ರ. ಮನೆಯ ಕಂಪ್ಯೂಟರ್ ತಾನಾಗಿ ಸರ್ವರ್‌ಗೆ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದಿಂದ ಖಾಸಗಿ ಸುರಂಗ ಕಟ್ಟಿಕೊಳ್ಳುತ್ತದೆ. ಡಲ್ಲಾಸ್‌ನಲ್ಲಿರುವ ಮಗಳು ಅದೇ ಸುರಂಗದಲ್ಲಿ ಬಂದು ಮೈಸೂರಿನ ಅಪ್ಪ ಅಮ್ಮನ ಮನೆಯ ಗೀಸರ್ ಆಫ್ ಆಗಿದೆಯೇ ಎಂದು ನೋಡುತ್ತಾಳೆ. ಟೇಲ್‌ಸ್ಕೇಲ್ ಎಂಬ ಸಿದ್ಧ ವಿಪಿಎನ್ ಸೇವೆ ಬಳಸಿದರೆ ಆ ಸರ್ವರ್ ಕೂಡ ಬೇಕಿಲ್ಲ.

ಕಲ್ಪನೆ: ದೊಡ್ಡ ಕಂಪನಿಯ ಸರ್ವರ್, ಕಳ್ಳರ ಭಯವಿಲ್ಲ.

ಸತ್ಯ: ಕಂಪನಿ ಕಾಯುವುದು ಕಟ್ಟಡವನ್ನು, ಯಂತ್ರವನ್ನು. ಒಳಗಿನ ಅಪ್‌ಡೇಟು, ಪಾಸ್‌ವರ್ಡು, ಫೈರ್‌ವಾಲ್ ನಿಮ್ಮ ಹೊಣೆ. ಇಂಥ ಉಪಕರಣಗಳು ಸಂದೇಶಕ್ಕೆ ಬಳಸುವ ಎಂಕ್ಯೂಟಿಟಿ ಸರ್ವರುಗಳಲ್ಲಿ 49,000ಕ್ಕೂ ಹೆಚ್ಚು ಇಂಟರ್ನೆಟ್ಟಿಗೆ ತೆರೆದುಕೊಂಡಿವೆ, 32,000ಕ್ಕೂ ಹೆಚ್ಚಿನವಕ್ಕೆ ಪಾಸ್‌ವರ್ಡೇ ಇಲ್ಲ ಎಂದು 2018ರಲ್ಲಿ ಭದ್ರತಾ ಸಂಸ್ಥೆ ಅವಾಸ್ಟ್ ತಿಳಿಸಿತು. ಯಾರೂ ಬೀಗ ಒಡೆದಿರಲಿಲ್ಲ. ಮಾಲೀಕರು ಬೀಗ ಹಾಕಿರಲಿಲ್ಲ.

ಖರ್ಚಿನ ಮಾತು ಚಿಕ್ಕದು. 5 ವಾಟ್ ಎಳೆಯುವ ಪೈ ಹಗಲಿರುಳು ಓಡಿದರೆ ತಿಂಗಳಿಗೆ 3.6 ಯೂನಿಟ್. ಕೊಳ್ಳುವ ದುಡ್ಡು ಒಂದೇ ಸಲದ್ದು; ಸರ್ವರ್ ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

ನಿಮ್ಮಲ್ಲಿರುವುದೆಲ್ಲ ಕಂಪನಿಯ ಆ್ಯಪ್ ಮೂಲಕವೇ ನಡೆಯುವ ವೈಫೈ ಪ್ಲಗ್‌ಗಳಾದರೆ ಧಾರಾಳವಾಗಿ ಕ್ಲೌಡ್‌ಗೆ ಹಾಕಿ. ಅವು ಹೇಗಿದ್ದರೂ ಇಂಟರ್ನೆಟ್ಟನ್ನೇ ನಂಬಿಕೊಂಡಿವೆ. ಉಳಿದವರು ಒಂದು ಭಾನುವಾರ ರೌಟರಿನ ಇಂಟರ್ನೆಟ್ ಸಂಪರ್ಕ ತೆಗೆದು, ಮನೆಯಲ್ಲಿ ಏನೇನು ಕೆಲಸ ನಿಲ್ಲಿಸುತ್ತದೆ ನೋಡಿ. ನಿಂತದ್ದರಲ್ಲಿ ನಿಮಗೆ ಅಗತ್ಯವಾದದ್ದು ಯಾವುದೋ, ಮೊದಲು ಅದರ ನಿಯಮವನ್ನು ಮನೆಗೆ ತಂದುಕೊಳ್ಳಿ.