ಪಟ್ಟಣದ ಮೋಜಣಿಗೆ ತಜ್ಞರನ್ನು ಗೊತ್ತುಮಾಡುವ ಬಗೆ



ಪಟ್ಟಣದ ಅಂಚಿನ ಹಳ್ಳಿಗಳಲ್ಲಿ ಹೊರಗಿನವರು ಬಂದು ಬಾವಿ ಅಳೆಯುವುದನ್ನೂ, ಹೊಲದ ಮೇಲೆ ಡ್ರೋನು ಹಾರಿಸುವುದನ್ನೂ ತಾವು ನೋಡಿರಬಹುದು. “ಇವರು ಯಾರು? ನಮ್ಮ ಜಮೀನಿನಲ್ಲಿ ಇವರಿಗೇನು ಕೆಲಸ?” ಎಂದು ಅನೇಕರು ಕೇಳುತ್ತಾರೆ. ಬಹುಮಟ್ಟಿಗೆ ಇವರು ಸರ್ಕಾರಿ ನೌಕರರಲ್ಲ. ನೀರು, ನೈರ್ಮಲ್ಯ, ಭೂಬಳಕೆ ಇವುಗಳ ಮೋಜಣಿಗಾಗಿ ಪುರಸಭೆಯೋ ಯೋಜನಾ ಪ್ರಾಧಿಕಾರವೋ ಹಣ ಕೊಟ್ಟು ಗೊತ್ತುಮಾಡಿಕೊಂಡ ಸಲಹೆಗಾರ ಕಂಪನಿಯವರು. ಅಂತರ್ಜಲ ಬಲ್ಲವರು, ನಕ್ಷೆ ಬರೆಯುವವರು, ಒಳಚರಂಡಿಯ ಇಂಜಿನಿಯರು ಇವರೆಲ್ಲ ಬೇಕಾಗುವುದು ಕೆಲವು ತಿಂಗಳು ಮಾತ್ರ. ಅಷ್ಟಕ್ಕಾಗಿ ಪುರಸಭೆ ಕಾಯಂ ನೌಕರರನ್ನು ಇಟ್ಟುಕೊಳ್ಳಲಾರದು.

ಕಂಪನಿಯನ್ನು ಆರಿಸುವ ಮೊದಲು ಒಂದು ಕಾರ್ಯಪತ್ರ ತಯಾರಾಗುತ್ತದೆ. ಎಲ್ಲಿಂದ ಎಲ್ಲಿಯವರೆಗೆ, ಏನನ್ನು, ಯಾವ ತಿಂಗಳಲ್ಲಿ ಅಳೆಯಬೇಕು, ಯಾವ ಹಂತಕ್ಕೆ ಎಷ್ಟು ಹಣ ಎಂಬುದೆಲ್ಲ ಅದರಲ್ಲಿರುತ್ತದೆ. ಅದರಲ್ಲಿ ಇಲ್ಲದ್ದನ್ನು ಕಂಪನಿ ಅಳೆಯುವುದಿಲ್ಲ. ಆಮೇಲೆ ಸೇರಿಸಿದರೆ ಹೆಚ್ಚಿನ ಹಣ ಕೇಳುತ್ತದೆ. ಆಳ ಹೇಳದೆ ಬಾವಿಯ ಗುತ್ತಿಗೆ ಕೊಟ್ಟವರಿಗೆ ಇದರ ಕಷ್ಟ ಗೊತ್ತು.

ನಮ್ಮ ರಾಜ್ಯದಲ್ಲಿ ಟೆಂಡರು ನಡೆಯುವುದು 1999ರ ಪಾರದರ್ಶಕತಾ ಕಾಯಿದೆಯಂತೆ. ಸಾಮಾನ್ಯವಾಗಿ ಎರಡು ಲಕೋಟೆ. ಮೊದಲನೆಯದರಲ್ಲಿ ಕಂಪನಿಯ ಅನುಭವ, ಬರುವ ತಜ್ಞರು, ಕೆಲಸದ ಕ್ರಮ; ಎರಡನೆಯದರಲ್ಲಿ ದರ. ಮೊದಲನೆಯದರಲ್ಲಿ ಗೊತ್ತಾದ ಅಂಕ ಬಾರದಿದ್ದರೆ ದರದ ಲಕೋಟೆಯನ್ನು ಒಡೆಯುವುದೇ ಇಲ್ಲ. ಮುಂದಿನ ಲೆಕ್ಕ ನೋಡಿ. ಒಂದು ಕಂಪನಿಗೆ ಗುಣದಲ್ಲಿ 85 ಅಂಕ, ದರ 10 ಲಕ್ಷ. ಇನ್ನೊಂದಕ್ಕೆ 78 ಅಂಕ, ದರ 8 ಲಕ್ಷ. ಕಡಿಮೆ ದರದವರಿಗೆ ದರದ ಅಂಕ 100, ಮೊದಲಿನವರಿಗೆ 80. ಗುಣಕ್ಕೆ ನೂರರಲ್ಲಿ 80 ಪಾಲು, ದರಕ್ಕೆ 20 ಇಟ್ಟರೆ ಮೊದಲಿನವರಿಗೆ 84, ಎರಡನೆಯವರಿಗೆ 82.4. ಅದೇ 70 ಮತ್ತು 30 ಎಂದಿಟ್ಟರೆ 83.5 ಮತ್ತು 84.6; ಕೆಲಸ ಅಗ್ಗದವರ ಪಾಲು! ಈ ಪಾಲನ್ನು ಟೆಂಡರು ಕರೆಯುವಾಗಲೇ ಗೊತ್ತುಮಾಡಿರುತ್ತಾರೆ. ಮೋಜಣಿಯಂಥ ಕೆಲಸದಲ್ಲಿ ಗುಣಕ್ಕೇ ಹೆಚ್ಚು ಪಾಲು ಇರಬೇಕೆಂದು ನನ್ನ ಅಭಿಪ್ರಾಯ. ಎರಡು ಲಕ್ಷ ಉಳಿಸಲು ಹೋಗಿ, ಹೊಲ ತುಳಿಯದೆ ಕುರ್ಚಿಯಲ್ಲೇ ಕುಳಿತು ಬರೆದ ವರದಿ ಬಂದರೆ ಯಾರಿಗೆ ಲಾಭ?

ನಮ್ಮ ಹಳ್ಳಿಗಳಿಗೆ ಮುಖ್ಯವಾದವು ಎರಡು ಅಂಶ. ಒಂದು, ಬಾವಿಯ ಮಟ್ಟ. ಮಳೆಗಾಲ ಕಳೆದ ನವೆಂಬರಿನಲ್ಲಿ ಮಾತ್ರ ಅಳೆದರೆ ನೀರು ಧಾರಾಳವಾಗಿ ಕಾಣುತ್ತದೆ. ಆ ಲೆಕ್ಕದ ಮೇಲೆ ಪಟ್ಟಣಕ್ಕೆ ಕೊಳವೆಬಾವಿ ಕೊರೆದರೆ ಬೇಸಿಗೆಯಲ್ಲಿ ಸುತ್ತಲಿನ ತೋಟಗಳು ಒಣಗುತ್ತವೆ. ಏಪ್ರಿಲ್-ಮೇ ತಿಂಗಳಲ್ಲೂ ಅಳೆಯಬೇಕೆಂದು ಕಾರ್ಯಪತ್ರದಲ್ಲಿ ಬರೆಸಬೇಕು. ಎರಡು, ಶೌಚಗುಂಡಿ ಖಾಲಿಮಾಡುವ ಟ್ಯಾಂಕರುಗಳು. ಪಟ್ಟಣದಲ್ಲಿ ಗುಂಡಿ ಎಷ್ಟಿವೆ ಎಂದು ಎಣಿಸಿದರೆ ಸಾಲದು, ಟ್ಯಾಂಕರು ರಾತ್ರಿ ಯಾವ ಹಳ್ಳಕ್ಕೆ ಸುರಿಯುತ್ತದೆ ಎಂಬುದೂ ಮೋಜಣಿಗೆ ಬರಬೇಕು. ಅದೇ ಹಳ್ಳದ ನೀರು ನಮ್ಮ ಸೊಪ್ಪಿನ ಮಡಿಗೆ ಹಾಯುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಘಟಕವನ್ನು ದಿನಕ್ಕೆ 6,000 ಲೀಟರು ಗುಂಡಿಯ ಕೆಸರು ಸಂಸ್ಕರಿಸುವಂತೆ ಕಟ್ಟಿದ್ದಾರೆ. ಕೆಸರಿನಿಂದ ಗೊಬ್ಬರವೂ ಆಗುತ್ತದೆ. ಅಂಥ ಘಟಕ ಎಷ್ಟು ದೊಡ್ಡದಿರಬೇಕೆಂದು ಹೇಳುವುದೂ ಈ ಎಣಿಕೆಯೇ.

ಆದ್ದರಿಂದ ಮೋಜಣಿಯ ಸುದ್ದಿ ಕಿವಿಗೆ ಬಿದ್ದೊಡನೆ, ಟೆಂಡರು ಹೊರಡುವ ಮೊದಲೇ, ಗ್ರಾಮ ಸಭೆಯಲ್ಲಿ ಠರಾವು ಮಾಡಿ ಪುರಸಭೆಗೂ ಪ್ರಾಧಿಕಾರಕ್ಕೂ ಕಳಿಸಿರಿ. ಅಳೆಯಲು ಬಂದವರಿಗೆ ಪಹಣಿ ತೋರಿಸಿ, ಈಗ ನಿಂತಿರುವ ಬೆಳೆಯನ್ನೂ ತೋರಿಸಿರಿ. ಬೀಳೆಂದು ಬರೆದುಕೊಂಡು ಹೋದರೆ ಆಮೇಲೆ ಓಡಾಟ ನಿಮಗೇ.

ಭೂಬಳಕೆಯ ಮೋಜಣಿಯಿಂದ ಮಹಾಯೋಜನೆಯ ನಕ್ಷೆ ಹುಟ್ಟುತ್ತದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಅದನ್ನು ಪ್ರಕಟಿಸಿ ಆಕ್ಷೇಪಣೆ ಕೇಳಲೇಬೇಕು. ತಮ್ಮ ಸರ್ವೆ ನಂಬರು ಯಾವ ಬಣ್ಣದಲ್ಲಿದೆ ನೋಡಿ: ವಾಡಿಕೆಯಲ್ಲಿ ಹಳದಿ ಎಂದರೆ ವಾಸದ ಮನೆ, ನೇರಳೆ ಎಂದರೆ ಕೈಗಾರಿಕೆ. ಪ್ರಕಟಣೆಯಲ್ಲಿ ಹೇಳಿದ ಗಡುವಿನೊಳಗೆ ಬರಹದಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಕಾರ್ಯಪತ್ರದ ನಕಲು ಬೇಕಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಬಹುದು. ಬರೆಯಲು ನೆರವು ಬೇಕಾದವರು ಪಂಚಾಯಿತಿ ಕಚೇರಿಯಲ್ಲಿ ನನ್ನನ್ನು ಕಾಣಬಹುದು. ಬರುವಾಗ ಪಹಣಿಯ ಪ್ರತಿ ತನ್ನಿರಿ.